ಮೂರನೇ ರೌಂಡು

ಗದಗ ಸೀಮೆಯ ಊರೊಂದರ ಹೈಸ್ಕೂಲ್ ಗ್ರೌಂಡು. ನಸುಕಿನ ಐದು ಗಂಟೆ. ಎರೆಮಣ್ಣಿನ ಮೇಲೆ ಬೂಟಿನ ಸಪ್ಪಳ, ನಡುನಡುವೆ ಬರಿಗಾಲಿನ ಸಪ್ಪಳವೂ. ಸೇನೆಯಲ್ಲಿ ಅಗ್ನಿವೀರರಾಗಲು ಹಟ ಹಿಡಿದ ಹುಡುಗರು; ಕೆಲವರಿಗೆ ಇನ್ನೂ ಮೀಸೆ ಚಿಗುರಿಲ್ಲ.

400 ಮೀಟರಿನ ಸುತ್ತಿಗೆ ಸುಣ್ಣದ ಗೆರೆ ಎಳೆದಿದ್ದಾರೆ. ಅಂಥ ನಾಲ್ಕು ಸುತ್ತನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಸುತ್ತಿಗೆ ಹೆಚ್ಚೆಂದರೆ 82 ಸೆಕೆಂಡು. ಮೊದಲನೆಯದನ್ನು ಹುರುಪಿನಲ್ಲಿ ಯಾರಾದರೂ ಓಡುತ್ತಾರೆ. ಕಡೆಯದನ್ನು ಮುಗಿಯುತ್ತಲ್ಲ ಎಂಬ ಆಸೆಯೇ ಓಡಿಸುತ್ತದೆ. ನೋಡಬೇಕಾದ್ದು ಮೂರನೇ ರೌಂಡು. ತೊಡೆ ಬಿಗಿಯುತ್ತದೆ, ಪಕ್ಕೆ ಹಿಡಿಯುತ್ತದೆ, ಹೆಗಲು ತಾನಾಗಿ ಕಿವಿಯತ್ತ ಏರುತ್ತದೆ. ಮೊಬೈಲಿನಲ್ಲಿ ಟೈಮ್ ಹಿಡಿದು ಗೆರೆಯ ಬದಿಗೆ ನಿಂತವನು ಆಗಲೇ ಒದರುವುದು: "ಲೇ ತಮ್ಮಾ, ಕೈ ಬೀಸೋ! ನೆಲಾ ನೋಡಬ್ಯಾಡ, ಮುಂದಿನವನ ಬೆನ್ನ್ ನೋಡು!"

ಇವರ ಮೊಬೈಲಿನ ತುಂಬ ಸ್ಫೂರ್ತಿಯ ರೀಲ್ಸ್ ಇವೆ. ನನಗೇನೋ ಅವುಗಳ ಮೇಲೆ ಅಷ್ಟು ಭರವಸೆ ಇಲ್ಲ. ಮಾಗಿಯ ಚಳಿಯಲ್ಲಿ ಕೌದಿ ಸರಿಸಿ ಏಳುವಂತೆ ಮಾಡುವವನು ಬಾಗಿಲಿಗೇ ಬಂದು "ಎದ್ದಿಯೇನಲೇ" ಎಂದು ಚಿಲಕ ಬಡಿಯುವ ಗೆಳೆಯ. ತಪ್ಪಿಸಿದವನಿಗೆ ದಂಡವೂ ಉಂಟು: ಮರುದಿನ ಎಲ್ಲರಿಗೂ ಶೇಂಗಾ, ಬೆಲ್ಲ ತರಬೇಕು.

ಬೇವಿನ ಮರದ ಹತ್ತಿರ ಎರಡು ಕಂಬಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು ಬಿಗಿದಿದ್ದಾರೆ. ಅದೇ ಬೀಮ್. ಹತ್ತು ಎಳೆದರೆ 40 ಅಂಕ, ಆರಕ್ಕೆ ಬರೀ 16. ಬೊಬ್ಬೆ ಬಂದು, ಒಡೆದು, ಎಲ್ಲರ ಬೆರಳ ಬುಡವೂ ಜಡ್ಡುಗಟ್ಟಿದೆ. ಒಬ್ಬನದು ಏಳಕ್ಕೇ ನಿಂತಿದೆ. ಎಂಟನೆಯದಕ್ಕೆ ಅವನ ಗದ್ದ ಪೈಪಿಗೆ ಬೆರಳಗಲ ಕೆಳಗೆ ಬಂದು ನಡುಗುತ್ತದೆ. "ಎಳಿ, ಎಳಿ, ಕಾಲ್ ಒದಿಬ್ಯಾಡ!" ಕೈ ಜಾರಿತು. ಅಂಗೈಗೆ ಮಣ್ಣು ತಿಕ್ಕಿಕೊಂಡವನೇ ಮತ್ತೆ ಸಾಲಿನ ಕಡೆಗೆ ಹೋಗಿ ನಿಂತ.

ಮೈ ದಣಿವಿಗಿಂತ ಕಾಯುವ ಕೆಲಸವೇ ಹೆಚ್ಚು ಬೇಸರದ್ದು. 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ. ಅದರಲ್ಲಿ ಆಯ್ಕೆಯಾದವರಿಗಷ್ಟೇ ಈ ಓಟ, ಬೀಮ್ ಇರುವ ರ್ಯಾಲಿ. ಓದಲು ಕುಂತರೆ ಓಟ ಹಿಂದೆ ಬೀಳುತ್ತದೆ, ಓಡಿದರೆ ಪುಸ್ತಕದ ಮುಂದೆ ತೂಕಡಿಕೆ. ಇಷ್ಟೆಲ್ಲ ಆಗಿ ಸೇರಿದರೂ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವವರು ನೂರಕ್ಕೆ ಹೆಚ್ಚೆಂದರೆ 25 ಮಂದಿ. ಈ ಲೆಕ್ಕವನ್ನು ಮನೆಯಲ್ಲಿ ಅಪ್ಪಂದಿರು ದಿನಾ ಒಪ್ಪಿಸುತ್ತಾರೆ. ಹುಡುಗರು ಕೇಳಿಸಿಕೊಳ್ಳುತ್ತಾರೆ, ಅಲಾರಾಂ ಇಟ್ಟು ಮಲಗುತ್ತಾರೆ.

ಟೈಮ್ ಹಿಡಿದವನಿಗೆ ಈಗಾಗಲೇ ವಯಸ್ಸು ಮೀರಿದೆಯಂತೆ. "ಮತ್ಯಾಕ ಬರ್ತೀಯಪಾ ದಿನಾ?" ಎಂದೆ.

"ಪೊಲೀಸ್ ಐತಲ್ರೀ! ಅದಕ್ಕ ಇಷ್ಟೇ ಓಟ, ಟೈಮ್ ಆರೂವರಿ ನಿಮಿಷ. ಪೂರಾ ಒಂದ್ ನಿಮಿಷ ಜಾಸ್ತಿ. ಎಮ್ಮಿ ಹೊಡ್ಕೊಂಡ್ ಬಂದ್ರೂ ಪಾಸ್!"