ಎಂಜಿನ್ನಿನ ಎರಡು ನಡುಕಗಳು

ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗುವಾಗ ಗಮನಿಸಿ. ಬಸ್ಸು ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಕಿಟಕಿಯ ಗಾಜು ಗಡಗಡ ಸದ್ದು ಮಾಡುತ್ತದೆ. ಎಂಜಿನ್ನಿನ ವೇಗ ಹೆಚ್ಚಿದೊಡನೆ ಸುಮ್ಮನಾಗುತ್ತದೆ. ಎಂಜಿನ್ನಿನ ಮಿಡಿತವು ಗಾಜಿನ ಸಹಜ ಆವೃತ್ತಿಗೆ ಹೊಂದಿದಾಗ ಉಂಟಾಗುವ ಅನುರಣನ ಇದು. ಇದೇ ಅನುರಣನ ಎಂಜಿನ್ನಿನ ಒಳಗಿನ ಕ್ರ್ಯಾಂಕ್‌ಶಾಫ್ಟಿಗೆ ಉಂಟಾದರೆ ಉಕ್ಕಿನ ಶಾಫ್ಟೇ ಮುರಿಯಬಹುದು.

ಎಂಜಿನ್ನಿನಲ್ಲಿ ಎರಡು ಬಗೆಯ ನಡುಕಗಳಿವೆ. ಮೊದಲನೆಯದು ಅಲುಗಾಟ. ಪಿಸ್ಟನ್ ಮೇಲೆ ಕೆಳಗೆ ಚಲಿಸುವಾಗ ಅದರ ಜಡತ್ವಬಲ ಇಡೀ ಎಂಜಿನ್ನನ್ನು ಅಲುಗಿಸುತ್ತದೆ. ಅರಕಲಗೂಡಿನ ಗದ್ದೆಗಳಲ್ಲಿ ಒಂದೇ ಸಿಲಿಂಡರಿನ ಪವರ್ ಟಿಲ್ಲರ್ ಹಿಡಿದವರಿಗೆ ಇದು ಅಂಗೈಯಲ್ಲೇ ತಿಳಿಯುತ್ತದೆ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಎರಡು ಪಿಸ್ಟನ್‌ಗಳು ಮೇಲೇರುವಾಗ ಎರಡು ಇಳಿಯುತ್ತವೆ. ಬಲಗಳು ಪೂರ್ತಿ ರದ್ದಾಗಬೇಕಲ್ಲವೆ? ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ವಾಲುವುದರಿಂದ ಪಿಸ್ಟನ್ ಮೇಲಿನ ಅರ್ಧ ಸುತ್ತಿನಲ್ಲಿ ಹೆಚ್ಚು ದೂರ, ಕೆಳಗಿನ ಅರ್ಧದಲ್ಲಿ ಕಡಿಮೆ ದೂರ ಚಲಿಸುತ್ತದೆ. ಹೀಗೆ ಉಳಿದ ಬಲ ಶಾಫ್ಟಿನ ಎರಡರಷ್ಟು ಆವೃತ್ತಿಯಲ್ಲಿ ಮಿಡಿಯುತ್ತದೆ. ಇದಕ್ಕೆ ಮದ್ದು ಬ್ಯಾಲೆನ್ಸರ್: ಒಂದು ಪಕ್ಕಕ್ಕೆ ಭಾರವಿರುವ ಎರಡು ದಂಡಗಳು ಇಮ್ಮಡಿ ವೇಗದಲ್ಲಿ, ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅವುಗಳ ಅಡ್ಡಬಲಗಳು ತಮ್ಮಲ್ಲೇ ರದ್ದಾಗಿ, ಲಂಬಬಲಗಳು ಅಲುಗಾಟವನ್ನು ಅಳಿಸುತ್ತವೆ. ಇದನ್ನು ರೂಪಿಸಿದವರು ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್.

ಎರಡನೆಯದು ತಿರುಚುಕಂಪನ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಸಾಗುವ ಲಾರಿಗಳಲ್ಲಿ ಒಂದೇ ಸಾಲಿನ ಆರು ಸಿಲಿಂಡರುಗಳ ಎಂಜಿನ್ ಇರುವುದುಂಟು. ಅದರಲ್ಲಿ ಮೇಲೆ ಹೇಳಿದ ಬಲಗಳು ತಾವಾಗಿಯೇ ರದ್ದಾಗುತ್ತವೆ. ಆದರೂ ಅಪಾಯ ತಪ್ಪಿದ್ದಲ್ಲ. ಪ್ರತಿ ದಹನವೂ ಉದ್ದನೆಯ ಶಾಫ್ಟನ್ನು ಒದ್ದೆ ಬಟ್ಟೆ ಹಿಂಡಿದಂತೆ ತುಸು ತಿರುಚಿ ಬಿಡುತ್ತದೆ. ನಿಮಿಷಕ್ಕೆ 2000 ಸುತ್ತು, ಸುತ್ತಿಗೆ 3 ದಹನ ಎಂದರೆ ಸೆಕೆಂಡಿಗೆ 100 ಮಿಡಿತ. ಇದರ ಜೊತೆಗೆ 200, 300ರ ಸಂಗತ ಆವೃತ್ತಿಗಳೂ ಇರುತ್ತವೆ. ಶಾಫ್ಟಿನ ಸಹಜ ಆವೃತ್ತಿ 300 ಇದ್ದರೆ ಅನುರಣನ ಖಚಿತ.

ಇದನ್ನು ತಡೆಯುವುದು ಡ್ಯಾಂಪರ್. ಶಾಫ್ಟಿನ ಮುಂತುದಿಯ ಪುಲ್ಲಿಯಲ್ಲಿ ರಬ್ಬರಿನ ಮೂಲಕ ಅಂಟಿಕೊಂಡ ಭಾರವಾದ ಕಬ್ಬಿಣದ ಬಳೆ ಇದೆ. ಶಾಫ್ಟು ಕಂಪಿಸಿದಾಗ ಬಳೆ ಅದರ ಜೊತೆ ಹೆಜ್ಜೆ ಹಾಕುವುದಿಲ್ಲ. ನಡುವಿನ ರಬ್ಬರು ಜಗ್ಗಿ, ಕಂಪನಶಕ್ತಿ ಶಾಖವಾಗುತ್ತದೆ. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ರಬ್ಬರಿನ ಬದಲು ಮಂದವಾದ ಸಿಲಿಕೋನ್ ದ್ರವವಿರುತ್ತದೆ.

ಡ್ಯಾಂಪರನ್ನೂ ಬ್ಯಾಲೆನ್ಸರ್ ಎಂದು ಕರೆಯುವ ರೂಢಿಯಿದೆ. ಎಡವಟ್ಟಾಗುವುದು ಇಲ್ಲಿಯೇ. ರಬ್ಬರು ಬಿರುಕುಬಿಟ್ಟಾಗ ಅಗ್ಗವೆಂದು ಬರಿಯ ಪುಲ್ಲಿ ಹಾಕಿದರೂ ಎಂಜಿನ್ ಓಡುತ್ತದೆ, ಅಲುಗುವುದೂ ಇಲ್ಲ. ಆದರೆ ಒಳಗೆ ಶಾಫ್ಟಿನ ಲೋಹ ದಣಿಯುತ್ತಾ, ಒಂದು ದಿನ ಮುರಿಯಬಹುದು.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಅಡ್ಡಲಾಗಿ ಕಟ್ಟಿದ ಒಂದೇ ದಾರಕ್ಕೆ ಸಮ ಉದ್ದದ ಎರಡು ಲೋಲಕಗಳನ್ನು ತೂಗುಹಾಕಿ. ಒಂದನ್ನು ತೂಗಿದರೆ ಶಕ್ತಿ ಇನ್ನೊಂದಕ್ಕೆ ಹೋಗಿ ಮರಳುತ್ತದೆ. ಈಗ ಎರಡನೆಯದರ ಗುಂಡಿಗೆ ಚಿಕ್ಕ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಅದರ ತುದಿ ತಟ್ಟೆಯ ನೀರಿಗೆ ತಾಗುವಂತೆ ಮಾಡಿ. ಎರಡೂ ಬೇಗ ನಿಲ್ಲುತ್ತವೆ. ಮೊದಲನೆಯ ಲೋಲಕ ಶಾಫ್ಟು, ಎರಡನೆಯದು ಬಳೆ, ರಬ್ಬರಿನ ಕೆಲಸ ನೀರಿನದು.