ಶಾಸನಗಳ ಪಟ್ಟಿಯೂ ಗಣಕಯಂತ್ರವೂ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಶಾಸನಗಳ ಬೀಡೆಂಬುದನ್ನು ನಮ್ಮ ಕಾಲೇಜಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತಾಳಗುಂದದ ಕಂಬ, ಬಳ್ಳಿಗಾವಿಯ ದೇಗುಲಗಳ ಶಿಲಾಲೇಖಗಳು, ಉದ್ರಿಯ ವೀರಗಲ್ಲುಗಳು, ಹಿರೇಆವಲಿಯ ನಿಷಿಧಿ ಕಲ್ಲುಗಳು ನಮ್ಮ ಸುತ್ತಲೇ ಇವೆ. ಬಿ. ಎಲ್. ರೈಸರು ಇವುಗಳ ಪಾಠಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರದವು 1902ರ ಏಳನೆಯ ಸಂಪುಟದಲ್ಲಿಯೂ, ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಸೇರಿವೆ.

ಆ ಸಂಪುಟಗಳನ್ನು ಮುಂದಿಟ್ಟುಕೊಂಡು, ಯಾವ ಊರಿನಲ್ಲಿ ಯಾವ ಕಾಲದ ಕಲ್ಲುಗಳಿವೆಯೆಂದು ಕ್ಷಣದಲ್ಲಿ ಹುಡುಕುವಂತಹ ಒಂದು ಪಟ್ಟಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಬೇಕೆಂದು ನಮ್ಮ ಚರಿತ್ರೆಯ ಗುರುಗಳು ಸೂಚಿಸಿದರು. ಶಿಕಾರಿಪುರದ ಭಾಗವನ್ನು ನನ್ನ ಮಿತ್ರನೂ ಸೊರಬದ ಭಾಗವನ್ನು ನಾನೂ ವಹಿಸಿಕೊಂಡೆವು. ಆ ಕೆಲಸದಲ್ಲಿ ಕಲಿತುದನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಾವು ಮಾಡಿದ್ದು ಸಾದಾ ಪಠ್ಯ ಕಡತ. ಒಂದು ಶಾಸನಕ್ಕೆ ಒಂದು ಸಾಲು. ಸಾಲಿನೊಳಗೆ ಸಂಖ್ಯೆ, ತಾಲ್ಲೂಕು, ಊರು, ಕಲ್ಲಿರುವ ಜಾಗ, ಕಾಲ, ಸಾರಾಂಶ ಎಂದು ಆರು ಅಂಕಣಗಳು. ಒಂದು ಅಂಕಣ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯಬೇಕಾದರೆ ನಡುವೆ ಒಂದು ವಿಭಜಕ ಚಿಹ್ನೆ ಬೇಕು. ಅದು ಗದ್ದೆಯ ಬದುವಿನಂತೆ. ಬದು ಒಡೆದರೆ ಒಂದು ಗದ್ದೆಯ ನೀರು ಇನ್ನೊಂದಕ್ಕೆ ನುಗ್ಗುತ್ತದೆ.

ಯಾವ ಚಿಹ್ನೆಯನ್ನು ಬದುವಾಗಿ ಇಡಬೇಕು? ಲೋಕದಲ್ಲಿ ಅಲ್ಪವಿರಾಮವೇ ಹೆಚ್ಚು ಬಳಕೆಯಲ್ಲಿದೆ. ಆದರೆ “ಗುಡಿಯ ಮುಂದೆ, ಎಡಗಡೆ” ಎಂದು ಜಾಗವನ್ನು ಬರೆದ ಕೂಡಲೆ ಒಂದು ಅಂಕಣ ಎರಡಾಗುತ್ತದೆ. ಉದ್ಧರಣ ಚಿಹ್ನೆಯೊಳಗಿಟ್ಟು ಇದನ್ನು ತಪ್ಪಿಸಬಹುದು. ಪ್ರತಿ ಸಾಲಿನಲ್ಲಿಯೂ ಆ ಎಚ್ಚರ ಉಳಿಯುವುದು ಕಷ್ಟ. ನಿಂತ ಗೆರೆಯನ್ನು ಆರಿಸಿದರೆ ಇನ್ನೊಂದು ತೊಡಕು. ಶ್ಲೋಕದ ಅರ್ಧಕ್ಕೆ ಬರುವ ದಂಡವನ್ನು ಬೆರಳಚ್ಚು ಮಾಡುವಾಗ ಎಷ್ಟೋ ಮಂದಿ ಅದೇ ಗೆರೆಯನ್ನು ಒತ್ತುತ್ತಾರೆ. ಕೊನೆಗೆ ನಾವು ಟ್ಯಾಬನ್ನು ಆರಿಸಿದೆವು. ಶಾಸನಪಾಠದಲ್ಲಿ ಅದು ಬರುವ ಸಂಭವವೇ ಇಲ್ಲ.

ಇನ್ನು ಶೆಲ್ ಸ್ಕ್ರಿಪ್ಟ್ ಎಂದರೇನು? ಲಿನಕ್ಸ್ ವ್ಯವಸ್ಥೆಯಲ್ಲಿ ನಾವು ಒಂದೊಂದಾಗಿ ಕೊಡುವ ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟುದೇ ಅದು. ಅಡುಗೆಯವರ ಕೈಗೆ ಕೊಟ್ಟ ಚೀಟಿಯಂತೆ ಯಂತ್ರವು ಅದನ್ನು ಮೇಲಿನಿಂದ ಕೆಳಗೆ ನಡೆಸುತ್ತದೆ. ಇಂದು ಐವತ್ತು ಸಾಲಿಗೆ ಬರೆದ ಚೀಟಿ ನಾಳೆ ಐದು ಸಾವಿರ ಸಾಲಿಗೂ ನಡೆಯುತ್ತದೆಂಬುದೇ ಅದರ ಲಾಭ. ದತ್ತಸಂಚಯಕ್ಕೆ ನಾವು ಮೈಎಸ್‌ಕ್ಯೂಎಲ್ ತಂತ್ರಾಂಶವನ್ನು ಬಳಸಿದೆವು. ‘ಲೋಡ್ ಡೇಟಾ ಲೋಕಲ್’ ಎಂಬ ಅದರ ಆಜ್ಞೆ ಇಡೀ ಕಡತವನ್ನು ಒಂದೇ ಬಾರಿಗೆ ಕೋಷ್ಟಕಕ್ಕೆ ತುಂಬುತ್ತದೆ.

ಪರೀಕ್ಷೆಗೆಂದು ಎರಡೂ ತಾಲ್ಲೂಕುಗಳ ಮೊದಲ ಐವತ್ತೈವತ್ತು ಶಾಸನಗಳನ್ನು ತೆಗೆದುಕೊಂಡೆವು. ಮೊದಲು ಶಿಕಾರಿಪುರದ ಕಡತ, ಅನಂತರ ಸೊರಬದ್ದು. ಸ್ಕ್ರಿಪ್ಟು ಒಂದು ಮಾತೂ ಆಡದೆ ಮುಗಿಯಿತು. ನಮಗೆ ಹಿಗ್ಗೋ ಹಿಗ್ಗು. ಗುರುಗಳು ಬಂದು ಸೊರಬದ ಕಲ್ಲುಗಳನ್ನು ತೋರಿಸೆಂದರು. ತೆರೆಯ ಮೇಲೆ ಒಂದು ಸಾಲೂ ಬರಲಿಲ್ಲ. “ಏನಪ್ಪಾ, ನಿಮ್ಮ ಸೊರಬದಲ್ಲಿ ಕಲ್ಲೇ ಇಲ್ಲವೇ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಐವತ್ತರೊಳಗೆ ನಮ್ಮೂರಿನ ಕೆರೆಯ ಏರಿಯ ಮೇಲಿನ ಕಲ್ಲೂ ಒಂದು. ನಮ್ಮ ಅಜ್ಜಿ ಹಬ್ಬಕ್ಕೊಮ್ಮೆ ಅದಕ್ಕೆ ದೀಪ ಹಚ್ಚುತ್ತಾಳೆ. ಅದರ ಮೇಲಿನ ಅಕ್ಷರಗಳನ್ನು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಓದಿದವರಲ್ಲ. ಅದು ಅಚ್ಚಾದ ಪುಸ್ತಕದಲ್ಲಿದೆಯೆಂದು ನಾನು ಹೇಳಿದಾಗ ಅಜ್ಜಿ ಎರಡು ಸಲ ಕೇಳಿಸಿಕೊಂಡಿದ್ದಳು. ಅದನ್ನೀಗ ನಾನೇ ಪಟ್ಟಿಯಿಂದ ಕಳೆದುಹಾಕಿದ್ದೆ!

ತಪ್ಪು ಯಂತ್ರದ್ದಲ್ಲ, ನನ್ನದೇ. ಕೋಷ್ಟಕದಲ್ಲಿ ಶಾಸನದ ಸಂಖ್ಯೆಯೊಂದನ್ನೇ ಮುಖ್ಯ ಗುರುತಾಗಿ ಇಟ್ಟಿದ್ದೆ. ಮುಖ್ಯ ಗುರುತು ಎರಡು ಸಾಲಿಗೆ ಒಂದೇ ಇರಕೂಡದು. ರೈಸರಾದರೋ ಪ್ರತಿ ತಾಲ್ಲೂಕಿಗೂ ಒಂದರಿಂದಲೇ ಎಣಿಕೆಯನ್ನು ಆರಂಭಿಸಿದ್ದಾರೆ. ಅದಕ್ಕೇ ತಾಳಗುಂದದ ಕಂಬವನ್ನು ವಿದ್ವಾಂಸರು ಬರಿಯ 176 ಎನ್ನದೆ ‘ಶಿಕಾರಿಪುರ 176’ ಎನ್ನುತ್ತಾರೆ. ಶಿಕಾರಿಪುರದ ಒಂದು ಒಳಗೆ ಕುಳಿತ ಮೇಲೆ ಸೊರಬದ ಒಂದಕ್ಕೆ ಜಾಗವಿಲ್ಲ. ‘ಲೋಕಲ್’ ಎಂಬ ಪದವಿದ್ದಾಗ ಇಂತಹ ಘರ್ಷಣೆ ದೋಷವೆನಿಸದೆ ಬರಿಯ ಎಚ್ಚರಿಕೆಯಾಗುತ್ತದೆ, ಸಾಲು ಹೊರಗುಳಿಯುತ್ತದೆ. ಸ್ಕ್ರಿಪ್ಟಿನ ಮೂಲಕ ನಡೆಸಿದಾಗ, ನಾವಾಗಿ ಕೇಳದ ಹೊರತು ಎಚ್ಚರಿಕೆಯೂ ಕಾಣುವುದಿಲ್ಲ. ಮೌನವನ್ನು ನಾವು ಯಶಸ್ಸೆಂದು ತಿಳಿದೆವು.

ತಾಲ್ಲೂಕು ಮತ್ತು ಸಂಖ್ಯೆ ಎರಡನ್ನೂ ಕೂಡಿಸಿ ಗುರುತು ಮಾಡಿದಾಗ ನೂರು ಸಾಲುಗಳೂ ಬಂದವು. ಆದರೆ ಹೊಸದೊಂದು ವಿಚಿತ್ರ. ಕಾಲದ ಅಂಕಣವನ್ನು ಪೂರ್ಣಾಂಕವೆಂದು ಘೋಷಿಸಿದ್ದೆವು. “ಸುಮಾರು 1200” ಎಂದಿದ್ದಲ್ಲೆಲ್ಲ ಸೊನ್ನೆ ಬಂದಿತ್ತು! ಕನ್ನಡ ಅಂಕಿಗಳಲ್ಲಿ ಬರೆದ ಇಸವಿಗಳಿಗೂ ಅದೇ ಗತಿ. ಆದುದರಿಂದ ಅಂಕಣವನ್ನು ಎರಡು ಮಾಡಿದೆವು. ಗ್ರಂಥದಲ್ಲಿರುವ ಮಾತು ಇದ್ದಂತೆಯೇ ಒಂದರಲ್ಲಿ. ಹುಡುಕಲು ಅನುಕೂಲವಾದ ಕ್ರಿಸ್ತಶಕದ ಅಂಕಿ ಇನ್ನೊಂದರಲ್ಲಿ. ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ದೊರೆಯುತ್ತದೆ.

ಈಗ ನಮ್ಮ ಸ್ಕ್ರಿಪ್ಟು ತುಂಬುವ ಮೊದಲೇ ಕಡತವನ್ನು ಪರೀಕ್ಷಿಸುತ್ತದೆ. ಅಕ್ಷರಗಳು ಯೂನಿಕೋಡಿನಲ್ಲಿವೆಯೇ ಎಂಬುದು ಮೊದಲನೆಯದು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದುದನ್ನು ಪರಿವರ್ತಿಸದಿದ್ದರೆ ದತ್ತಸಂಚಯದಲ್ಲಿ ಅರ್ಥವಿಲ್ಲದ ಚಿಹ್ನೆಗಳೇ ತುಂಬುತ್ತವೆ. ಎರಡನೆಯದು, ವಿಂಡೋಸ್ ಯಂತ್ರದಲ್ಲಿ ಬರೆದ ಕಡತದ ಸಾಲಿನ ಕೊನೆಯಲ್ಲಿ ಅಡಗಿರುವ ಒಂದು ಕಾಣದ ಚಿಹ್ನೆ. ಅದನ್ನು ತೆಗೆಯದಿದ್ದರೆ ಕೊನೆಯ ಅಂಕಣಕ್ಕೆ ಅಂಟಿಕೊಂಡು, ಕಣ್ಣಿಗೆ ಒಂದೇ ಆಗಿರುವ ಎರಡು ಮಾತುಗಳು ಯಂತ್ರಕ್ಕೆ ಬೇರೆಬೇರೆಯಾಗುತ್ತವೆ. ಮೂರನೆಯದಾಗಿ ‘ಆಕ್’ ಎಂಬ ಉಪಕರಣವು ಪ್ರತಿ ಸಾಲಿನ ಅಂಕಣಗಳನ್ನು ಎಣಿಸಿ, ತಪ್ಪಿದ ಸಾಲಿನ ಸಂಖ್ಯೆಯನ್ನು ಹೇಳುತ್ತದೆ. ತುಂಬಿದ ಮೇಲೆ ಎಚ್ಚರಿಕೆಗಳೆಲ್ಲವನ್ನೂ ತೋರಿಸುತ್ತದೆ. ಕಡತದ ಸಾಲಿಗೂ ಕೋಷ್ಟಕದ ಸಾಲಿಗೂ ತಾಳೆ ನೋಡಿ, ಒಂದು ಕಡಿಮೆಯಾದರೂ ನಿಲ್ಲುತ್ತದೆ.

ಪಟ್ಟಿಯೆಂಬುದು ಬೆಳೆಯತಕ್ಕ ವಸ್ತು. ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013-14ರ ಉತ್ಖನನದಲ್ಲಿ ದೊರೆತ, ಸುಮಾರು 370ರ ಕಾಲದ್ದೆಂದು ಹೇಳಲಾದ ಸಿಂಹಕಟಾಂಜನ ಶಾಸನಕ್ಕೆ ರೈಸರ ಸಂಖ್ಯೆ ಎಲ್ಲಿಂದ ಬರಬೇಕು? ಆದುದರಿಂದ ಆಕರವನ್ನೂ ಗುರುತಿನೊಳಗೆ ಸೇರಿಸಿದೆವು. ಜಿಲ್ಲೆಯ ಹೆಸರನ್ನು ಮಾತ್ರ ಸೇರಿಸಲಿಲ್ಲ. ರೈಸರ ಏಳನೆಯ ಸಂಪುಟದಲ್ಲಿ ಶಿವಮೊಗ್ಗದವೆನಿಸಿದ ಹೊನ್ನಾಳಿ, ಚನ್ನಗಿರಿಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದುದನ್ನು ನೆನೆದರೆ ಕಾರಣ ಸ್ಪಷ್ಟವಾಗುತ್ತದೆ.

ಗಣಕಯಂತ್ರವೆಂದರೆ ವಿಜ್ಞಾನದವರ ಸೊತ್ತು, ನಮಗೇಕೆ ಎನ್ನುವ ಕಲಾ ವಿದ್ಯಾರ್ಥಿಗಳಿದ್ದಾರೆ. ತಾಲ್ಲೂಕಿಗೆ ಒಂದರಿಂದ ಎಣಿಕೆಯೆಂಬುದನ್ನು ಬಲ್ಲವನು ಚರಿತ್ರೆಯ ವಿದ್ಯಾರ್ಥಿ. ಅದು ತಿಳಿಯದಿದ್ದರೆ ಎಂತಹ ಯಂತ್ರವೂ ಒಂದು ತಾಲ್ಲೂಕನ್ನೇ ನುಂಗೀತು. ಕಳೆದ ರಜೆಯಲ್ಲಿ ಪಟ್ಟಿಯ ಒಂದು ಸಾಲನ್ನು ಅಜ್ಜಿಗೆ ಓದಿ ಹೇಳಿದೆ. “ನಮ್ಮೂರಿನ ಹೆಸರು ಸರಿಯಾಗಿ ಬರೆದಿದ್ದೀಯಾ?” ಎಂದು ಕೇಳಿದಳು. ಬರೆದಿದ್ದೇನೆ. ಉಳಿದ ಸಾಲುಗಳನ್ನು ಬರೆಯಲು ಮಿತ್ರರು ಮುಂದೆ ಬರಬೇಕೆಂದು ಪ್ರಾರ್ಥಿಸುತ್ತೇನೆ.