ರಿಮೋಟ್ ಕನೆಕ್ಟ್ ಆಗದಿದ್ದರೆ ಅರ್ಧ ದಿನದ ರಜೆ ಯಾರ ಲೆಕ್ಕಕ್ಕೆ?

ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಒಂದು ಕೆಲಸ ತಪ್ಪಿದ್ದಲ್ಲ. ಗೆಳೆಯರ ಕಂಪ್ಯೂಟರ್ ಕೈಕೊಟ್ಟರೆ ಫೋನ್ ಬರೋದು ನನಗೇ. ಹೆಚ್ಚಾಗಿ ಕೇಳುವ ದೂರು ಇದು: ‘ಮನೆಯಿಂದ ಆಫೀಸ್ ಸಿಸ್ಟಮ್‌ಗೆ ಕನೆಕ್ಟ್ ಆಗ್ತಿಲ್ಲ. ನಿನ್ನ ನೆಟ್ಟೇ ಸರಿಯಿಲ್ಲ, ಅರ್ಧ ದಿನ ರಜೆ ಹಾಕು ಅಂತಿದ್ದಾರೆ ಮ್ಯಾನೇಜರ್.’ ಇದರಲ್ಲಿ ತಾಂತ್ರಿಕ ಪ್ರಶ್ನೆ ಒಂದು, ದುಡಿಮೆಯ ಪ್ರಶ್ನೆ ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗೊತ್ತಿದ್ದರೆ ಎರಡನೆಯದನ್ನು ಗಟ್ಟಿಯಾಗಿ ಕೇಳಬಹುದು.

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪನ್ನೇ ತೆಗೆದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್, ಮನೆಯ ರೂಟರ್, ಇಂಟರ್‌ನೆಟ್ ಕಂಪನಿ, ಆಫೀಸಿನ ವಿಪಿಎನ್, ಫೈರ್‌ವಾಲ್, ಕೊನೆಗೆ ಆಫೀಸಿನ ಮೇಜಿನ ಮೇಲಿರುವ ಸಿಸ್ಟಮ್. ಈ ಸರಪಳಿಯಲ್ಲಿ ನಿಮ್ಮ ಕೈಯಲ್ಲಿರೋದು ಮೊದಲ ಎರಡು ಕೊಂಡಿ ಮಾತ್ರ. ವಿಪಿಎನ್ ಕನೆಕ್ಟ್ ಆಗಿ ನಿಂತಿದ್ದರೆ ‘ನಿನ್ನ ನೆಟ್ ಸರಿಯಿಲ್ಲ’ ಎಂಬ ಮಾತು ಬಹುಮಟ್ಟಿಗೆ ಬಿದ್ದುಹೋಯಿತು.

ಸಿಸ್ಟಮ್ ಸಿಗುತ್ತಲೇ ಇಲ್ಲ ಅಂದರೆ ಅದು ಮಲಗಿರಬಹುದು. ಸ್ಲೀಪ್‌ಗೆ ಹೋದ ಕಂಪ್ಯೂಟರ್ ನಿಮ್ಮ ಕರೆಗೆ ಓಗೊಡಲ್ಲ. ಕರೆಂಟ್ ಹೋಗಿ ಬಂದ ಮೇಲೆ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ ಸೆಟ್ ಮಾಡಿಡಬಹುದು, ಆದರೆ ಅದು ಐಟಿ ವಿಭಾಗದ ಕೆಲಸ. ಕಂಪ್ಯೂಟರಿನ ಹೆಸರು ಹಾಕಿದರೆ ತೆರೆಯದೆ ಐಪಿ ವಿಳಾಸ ಹಾಕಿದರೆ ತೆರೆದರೆ, ತಪ್ಪಿರೋದು ಹೆಸರು ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ. ಇನ್ನು ‘ಪಾಸ್‌ವರ್ಡ್ ತಪ್ಪು’ ಅಂತ ಬಂದರೆ ಖುಷಿಪಡಿ. ಅಲ್ಲಿಯವರೆಗೆ ದಾರಿ ತೆರೆದಿದೆ ಅಂತರ್ಥ. ಪಾಸ್‌ವರ್ಡ್ ಅವಧಿಯೇ ಮುಗಿದಿದ್ದರೆ ಮಾತ್ರ ಪೇಚು: ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ ಎಂಬ ಭದ್ರತೆ ಡೆಸ್ಕ್‌ಟಾಪ್ ಕಾಣುವ ಮೊದಲೇ ತಡೆಯುವುದರಿಂದ, ಅದರೊಳಗೆ ಹೋಗಿ ಹೊಸ ಪಾಸ್‌ವರ್ಡ್ ಇಡಲು ಆಗಲ್ಲ.

ಜನರನ್ನು ಹೆಚ್ಚು ಸುಸ್ತು ಮಾಡೋದು ಮಾತ್ರ ಬೇರೆಯದು. ವಿಪಿಎನ್ ಹಸಿರು ತೋರಿಸ್ತಿದೆ, ನೆಟ್ ಚೆನ್ನಾಗಿದೆ, ಆದರೂ ಸಿಸ್ಟಮ್ ಸಿಗ್ತಿಲ್ಲ. ಕಾರಣ, ಮನೆಯ ರೂಟರ್ ಹಂಚುವ ವಿಳಾಸಗಳೂ 192.168.1ರಿಂದಲೇ ಶುರು, ಆಫೀಸಿನವೂ ಹಾಗೇ. ಜಯನಗರದಲ್ಲೂ ಮೂರನೇ ಕ್ರಾಸ್ ಇದೆ, ರಾಜಾಜಿನಗರದಲ್ಲೂ ಇದೆ. ಬಡಾವಣೆ ಹೇಳದೆ ಆಟೋ ಹತ್ತಿದರೆ ಡ್ರೈವರ್ ಹತ್ತಿರದ್ದಕ್ಕೇ ಬಿಡ್ತಾನೆ. ನಿಮ್ಮ ಲ್ಯಾಪ್‌ಟಾಪ್ ಕೂಡ ಆಫೀಸಿನ ಸಿಸ್ಟಮನ್ನು ಮನೆಯೊಳಗೇ ಹುಡುಕ್ತಾ ಕೂತಿರುತ್ತೆ. ಮನೆಯ ರೂಟರ್‌ನಲ್ಲಿ ವಿಳಾಸವನ್ನು 192.168.57 ಎಂಬಂಥ ಅಪರೂಪದ ಸರಣಿಗೆ ಬದಲಿಸಿದರೆ ಮುಗೀತು. ಆಫೀಸ್ ನೆಟ್‌ವರ್ಕ್ ಕಟ್ಟಿದವರು ಇದನ್ನು ಮೊದಲೇ ಯೋಚಿಸಿದ್ದರೆ ನೂರು ಜನ ನೂರು ರೂಟರ್ ಮುಟ್ಟುವ ಅಗತ್ಯವೇ ಇರ್ತಿರಲಿಲ್ಲ ಅನ್ನಿ.

ಸಣ್ಣ ಆಫೀಸುಗಳಲ್ಲಿ ಈ ತಲೆನೋವಿಗೆ ಅಡ್ಡದಾರಿ ಹಿಡಿಯುತ್ತಾರೆ. ವಿಪಿಎನ್ ಬಿಟ್ಟು ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡ್ತಾರೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಬಯಲಾದಾಗ, ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತ್ತು, ಅಪಾಯ ಅಷ್ಟಿತ್ತು. ಇನ್ನೊಂದು ಅಡ್ಡದಾರಿ, ‘ಎನಿಡೆಸ್ಕ್ ಹಾಕ್ಕೋ’ ಎಂಬ ಬಾಯಿಮಾತಿನ ಸೂಚನೆ. ಅದೇ ಆ್ಯಪ್ ಬಳಸಿ ನಡೆಯುವ ಯುಪಿಐ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ತಾನಾಗಿ ಕೆಟ್ಟದ್ದಲ್ಲ. ಆದರೆ ಲಿಖಿತ ಅನುಮತಿ ಇಲ್ಲದೆ ಹಾಕಿಕೊಂಡು ನಾಳೆ ಡೇಟಾ ಸೋರಿದರೆ ಬೆರಳು ತೋರೋದು ನಿಮ್ಮ ಕಡೆಗೇ.

ಹಾಜರಿ, ತಡವಾಗಿ ಬರೋದು, ರಜೆ ಇವನ್ನೆಲ್ಲ ಬರಹದಲ್ಲಿ ನಿಗದಿಪಡಿಸಲೆಂದು 1946ರಲ್ಲೇ ಸ್ಥಾಯಿ ಆದೇಶಗಳ ಕಾಯ್ದೆ ಬಂದಿತ್ತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 2014ರಲ್ಲಿ ಅದರಿಂದ ವಿನಾಯಿತಿ ಕೊಟ್ಟು, 2019ರಲ್ಲೂ 2024ರಲ್ಲೂ ಮುಂದುವರಿಸಿತು. ಪಕ್ಷ ಬದಲಾದರೂ ವಿನಾಯಿತಿ ಬದಲಾಗಲಿಲ್ಲ. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, ಕಂಪನಿಯೊಳಗೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು ಅನ್ನೋದು. ನಿಮ್ಮಲ್ಲಿ ಆ ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ, ಕೇಳಿ ನೋಡಿ. ಮುಂದಿನ ಸಲ ಕನೆಕ್ಟ್ ಆಗದಿದ್ದಾಗ ಫೋನಿನಲ್ಲಿ ವಾದ ಬೇಡ. ಸಮಯ, ಎರರ್‌ನ ಸ್ಕ್ರೀನ್‌ಶಾಟ್, ವಿಪಿಎನ್ ಕನೆಕ್ಟ್ ಆಗಿತ್ತೋ ಇಲ್ಲವೋ ಎಂಬುದನ್ನು ಐಟಿ ವಿಭಾಗಕ್ಕೆ ಮೇಲ್ ಮಾಡಿ. ರಜೆ ಕಡಿತವಾದರೆ ಅದೇ ಮೇಲ್ ಸಮಿತಿಗೂ ಹೋಗಲಿ.